ಎರಡು ಪ್ರೋಟಾನುಗಳ ನಡುವೆ ಅತ್ತೆ

ಸೋದರತ್ತೆಗೆ ದೂರದಿಂದಲೇ ಅಡ್ಡಬಿದ್ದೆ.

ನಮ್ಮ ಪ್ರಯೋಗಾಲಯದಲ್ಲಿ ಇವತ್ತು ಒಬ್ಬರ ಕಾಲೂ ನೆಲದ ಮೇಲಿಲ್ಲ! ಲೆಕ್ಕ ಮುಗಿಯುವವರೆಗೆ ಫಲಿತಾಂಶವನ್ನು ಯಾರೂ ನೋಡಬಾರದೆಂಬುದು ಇಲ್ಲಿನ ಕಟ್ಟಳೆ. ಕಂಡರೆ ಆಸೆ ಹುಟ್ಟಿ ಲೆಕ್ಕ ಅತ್ತ ವಾಲುತ್ತದಂತೆ. ಅದಕ್ಕೇ ಎಂಟು ತಿಂಗಳಿಂದ ಕಂಪ್ಯೂಟರ್ ಪರದೆಯಲ್ಲಿ ಫಲಿತಾಂಶ ಕಾಣುವ ಮೂಲೆಗೆ ರಟ್ಟು ಅಂಟಿಸಿದ್ದೆವು. ಇಂದು ಕಿತ್ತೆವು. ಗಂಟುಮುಖದ ನಮ್ಮ ಮೇಷ್ಟ್ರು ಕುರ್ಚಿ ಹತ್ತಿ, "ಸಿಕ್ತು ಕಣ್ರೋ, ಮೂರೂ ಒಟ್ಟಿಗೇ ಸಿಕ್ತು!" ಎಂದು ಕೂಗಿದರು.

ಎರಡು ಪ್ರೋಟಾನುಗಳು ಹತ್ತಿರ ಬಂದರೆ ತಮ್ಮ ವಿದ್ಯುತ್ತಿನಿಂದಲೇ ಒಂದನ್ನೊಂದು ದೂಡುತ್ತವೆ. ಕೇಯಾನ್ ಎಂಬ ಅಪರೂಪದ ಕಣ ನಡುವೆ ಹೊಕ್ಕರೆ ಸಾಕು, ಎರಡನ್ನೂ ಎಳೆದು ತಬ್ಬಿಸಿಬಿಡುತ್ತದೆ. ನಮಗೆ ಸಿಕ್ಕಿದ್ದು ಹಾಗೆ ತಬ್ಬಿಕೊಂಡ ಆ ಮೂರೇ. ನನಗೆ ನೀನೇ ನೆನಪಾದೆ. ಮುಖ ಕೊಟ್ಟು ಮಾತಾಡದ ಅಪ್ಪ, ದೊಡ್ಡಪ್ಪ ನೀನು ಬಂದ ದಿನ ಒಂದೇ ಬೆಂಚಿನಲ್ಲಿ ಕೂತು ನಗುತ್ತಾರಲ್ಲ!

ನನ್ನ ಕೆಮ್ಮು ವಾಸಿಯಾಯಿತು. ನೀನು ಹೆಣೆದ ಸ್ವೆಟರ್ ಮೈಮೇಲೇ ಇದೆ.

ಕಾರ್ಡು ತುಂಬಿತು. ನಮ್ಮ ಕೇಯಾನ್ ರೆಪ್ಪೆ ಬಡಿಯುವುದರೊಳಗೆ ಮಾಯ, ಪ್ರೋಟಾನುಗಳು ಮತ್ತೆ ದಿಕ್ಕಾಪಾಲು. ನೀನು ಮಾತ್ರ ಈ ಸಲ ನಮ್ಮ ಮನೆಗೆ ಹೋದರೆ ಸಂಜೆಯ ಬಸ್ಸಿಗೇ ಹೊರಟುಬಿಡಬೇಡ.

ಇಂತಿ, ನಿನ್ನ ಬಾಯಿಬಡುಕಿ