ಎಳೆದಾಗೊಂದು, ಮುಚ್ಚಿದಾಗೊಂದು

ಅವೆಜಾನೇದಾ, ಬ್ಯೂನಸ್ ಐರಿಸ್
೧೬ ಅಕ್ಟೋಬರ್ ೧೯೬೧

ತಮ್ಮ ರೊಸೆಂದೊ,

ನಿನ್ನ ಕೆಮ್ಮು ಹೇಗಿದೆ? ಹ್ಯಾಂಬರ್ಗಿನ ಚಳಿ ನೇರ ಎದೆಗೆ ಇಳಿಯುತ್ತದಂತೆ. ಉಣ್ಣೆಯ ಒಳಂಗಿ ಬಿಡಬೇಡ. ಅಮ್ಮನ ಮಂಡಿನೋವು ಹಾಗೇ ಇದೆ. ಕೂತರೆ ಏಳಲಾರಳು, ಆದರೂ ನಿನ್ನ ಫೋಟೋ ಬಂದ ಪತ್ರಿಕೆ ಹಿಡಿದು ಮಾಂಸದಂಗಡಿಯವರೆಗೆ ನಡೆದುಹೋಗಿ ತೋರಿಸಿ ಬಂದಳು. ನಾನಿನ್ನೂ ಉಣ್ಣೆ ತೊಳೆಯುವ ಕಾರ್ಖಾನೆಯಲ್ಲೇ ಇದ್ದೇನೆ. ಒಗೆಯುವ ಸೋಡಾದ ನೀರಿಗೆ ಬೆರಳ ಸಂದಿಗಳೆಲ್ಲ ಬಿರಿದಿದ್ದವು. ಕೈಗವಸಿಗಾಗಿ ಕಾರ್ಮಿಕ ಸಂಘದವರು ಮೂರು ದಿನ ಕೆಲಸ ನಿಲ್ಲಿಸಿದೆವು. ಕೊಟ್ಟರು.

ನೀನು ಕೇಳಿದ ಹೊಸ ಸಂಗೀತ ಜೋಡಣೆ ಜೊತೆಗಿನ ಕಟ್ಟಿನಲ್ಲಿದೆ. ಇನ್ನೂರು ವರ್ಷಗಳ ಹಿಂದೆ ಯಾರೋ ಜರ್ಮನ್ನನು ಒಬ್ಬನೇ ಕೂತು ನುಡಿಸಲೆಂದು ಬರೆದ ಕೀಲಿಮಣೆ ಸಂಗೀತವನ್ನು ಎರಡು ಬ್ಯಾಂಡೋನಿಯನ್‌ಗಳಿಗೆ ಹಂಚುವುದೆಂದರೆ ರೊಟ್ಟಿ ಮುರಿದ ಹಾಗಲ್ಲ. ಕೀಲಿಮಣೆಗೆ ಉಸಿರಿನ ಹಂಗಿಲ್ಲ. ನಮ್ಮ ವಾದ್ಯಕ್ಕೆ ತಿದಿ ಇದೆ. ಅದೇ ಗುಂಡಿ ತಿದಿ ಎಳೆದಾಗ ಒಂದು ಸ್ವರ, ಮುಚ್ಚಿದಾಗ ಇನ್ನೊಂದು. ನೀನು ಮುಚ್ಚುವಾಗ ನಿನ್ನ ಜೊತೆಗಾರ ಒಟೀಲಿಯೊ ಎಳೆಯುತ್ತಿರಬೇಕು, ಆಗ ಮಾತ್ರ ಕೇಳುವವನಿಗೆ ಎಲ್ಲೂ ಉಸಿರು ಕಡಿದಂತಾಗುವುದಿಲ್ಲ. ಏಳು ವಾರ ಅಡುಗೆಮನೆಯ ಮೇಜನ್ನು ಬೆರಳಲ್ಲಿ ಕುಟ್ಟಿ ಕುಟ್ಟಿ ಮುಗಿಸಿದೆ. ವಾದ್ಯ ಮುಟ್ಟಲು ನನ್ನನ್ನು ಯಾರು ಬಿಟ್ಟರು? "ಹೆಣ್ಣು ಕಾಲಗಲಿಸಿ ಕೂತು ಅದನ್ನ ತೊಡೆ ಮೇಲೆ ಇಟ್ಕೊಳ್ಳೋದಾ? ಇದು ಮರ್ಯಾದಸ್ತರ ಮನೆ" ಎಂದು ಅಪ್ಪ ನಿನ್ನೊಬ್ಬನಿಗೇ ಕಲಿಸಿದ. ಅದೂ ಗುಂಡಿಗಳಿಗೆ ಅಂಕಿ ಹಾಕಿ. ಅವನಿಗೂ ಸ್ವರಲಿಪಿ ಬರುತ್ತಿರಲಿಲ್ಲ. ನಾನು ಅಮ್ಮನ ಜೊತೆ ಕಾನ್ವೆಂಟಿನ ಬಟ್ಟೆ ಒಗೆಯಲು ಹೋಗಿ, ಸನ್ಯಾಸಿನಿಯರ ಆರ್ಗನ್ ಪಕ್ಕ ನಿಂತು ಸ್ವರಲಿಪಿ ಕಲಿತೆ. ನಿನ್ನ ಬೆರಳು ನೋಡಿ ನೋಡಿ ಗುಂಡಿಗಳು ಬಾಯಿಪಾಠವಾದವು. ಹದಿಮೂರು ವರ್ಷ ನಿನ್ನ ಹಾಳೆಯ ಪ್ರತಿ ಸ್ವರದ ಕೆಳಗೆ ಪೆನ್ಸಿಲ್ಲಿನಲ್ಲಿ ಗುಂಡಿಯ ಅಂಕಿ ಬರೆದೆ. ಒಟೀಲಿಯೊ ಅದೇನೆಂದು ಕೇಳಿದ್ದಕ್ಕೆ "ಅದು ನನ್ನದೇ ಪದ್ಧತಿ" ಅಂದೆಯಂತೆ.

ಊಟದ ಬಿಡುವಿನಲ್ಲಿ ಪೇತ್ರೋನಾ, ತೊಟ್ಟಿಯ ಬಳಿ ನನ್ನ ಪಕ್ಕ ನಿಲ್ಲುವವಳು, ನಿನ್ನ ಸಂದರ್ಶನವನ್ನು ಗಟ್ಟಿಯಾಗಿ ಓದಿದಳು. ಜೋಡಣೆಯೆಲ್ಲ ನಿನ್ನದೇ ಅಂದಿದ್ದೀಯ. ಅಕ್ಕನ ಬಗ್ಗೆ ಕೇಳಿದ್ದಕ್ಕೆ, "ಅವಳು ನಕಲು ಎತ್ತಿಕೊಡ್ತಾಳೆ. ಅಕ್ಷರ ದುಂಡಗಿದೆ, ಪಾಪ." ಪೇತ್ರೋನಾ ಪತ್ರಿಕೆ ಮಡಚಿ, "ಏನೇ ದುಂಡಕ್ಷರ, ಸಾರು ಆರ್ತಿದೆ, ಕುಡಿ" ಅಂದಳು. ತೊಟ್ಟಿಯ ಹೆಂಗಸರೆಲ್ಲ ನಕ್ಕರು. ಈಗ ಸಂಘದ ಸಭೆಯಲ್ಲೂ ನನಗೆ ಅದೇ ಹೆಸರು.

ಜೋಡಣೆಯ ಮುಖಪುಟದಲ್ಲಿ ನನ್ನ ಹೆಸರು ಹಾಕೆಂದು ಮೂರು ಕಾಗದ ಬರೆದೆ. ಉತ್ತರವಾಗಿ ಬಂದದ್ದು "ಬೇಗ ಕಳಿಸು" ಎಂಬ ತಂತಿ. ಅಮ್ಮನಿಗೆ ಹೇಳಿದರೆ, "ಹೋಗ್ಲಿ ಬಿಡೇ, ಗಂಡಸು, ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಬೇಕು. ನೀನು ಯಾರ ಮುಂದೆ ನಿಲ್ಬೇಕಾಗಿದೆ?" ಅಂದಳು. ನೋಡು, ದೋಚುವವನು ಮಾಲೀಕನಾದರೆ ಗೇಟಿನ ಮುಂದೆ ನಿಂತು ಕೂಗುತ್ತೇವೆ. ತಮ್ಮನಾದರೆ ಒಳಂಗಿ ಹೆಣೆದು ಕಳಿಸುತ್ತೇವೆ. ಮಾಲೀಕನಿಗಾದರೂ ತಾನು ದೋಚುತ್ತಿರುವುದು ಗೊತ್ತಿರುತ್ತದೆ. ನೀನು ಅದನ್ನು ಪ್ರೀತಿ ಅಂದುಕೊಂಡಿದ್ದೀಯ.

ಒಟೀಲಿಯೊಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು.

ನಿನ್ನ ಅಕ್ಕ,
ದೆಲ್ಮೀರಾ

ಮರೆತ ಮಾತು: ಈ ಸಲ ಅಂಕಿ ಬರೆದಿಲ್ಲ. ಬರೀ ಸ್ವರಲಿಪಿ, ನಕಲು ಎತ್ತುವವಳ ಕೆಲಸ ಅಷ್ಟೇ ತಾನೆ. ನಿಮ್ಮ ಸಂಗೀತ ಕಛೇರಿಗೆ ಹತ್ತೇ ದಿನ ಇರುವಾಗ ಕಟ್ಟು ನಿನ್ನ ಕೈಸೇರುವಂತೆ ನೋಡಿಕೊಂಡು ಅಂಚೆಗೆ ಹಾಕುತ್ತಿದ್ದೇನೆ. ಒಟೀಲಿಯೊ ಸಂಗೀತಶಾಲೆಯಲ್ಲಿ ಓದಿದವನು, ಒಳ್ಳೆಯವನು, ಪಕ್ಕದಲ್ಲಿ ಕೂತು ಒಂದೊಂದೇ ಸ್ವರ ಹೇಳಿಕೊಟ್ಟಾನು. ನಿನಗೆ ಸ್ವರಲಿಪಿ ಓದಲು ಬರುವುದಿಲ್ಲವೆಂದು ನಾನು ಅವನಿಗೆ ಬರೆದಿಲ್ಲ. ಅದನ್ನು ನೀನೇ ಹೇಳಬೇಕು.