ಚಿಕ್ಕಮ್ಮನ ನಗುವಿನ ಹೆಚ್ಚಿನ ಪ್ರತಿಗಳು

ಗುಳೇದಗುಡ್ಡ
ಫೆಬ್ರುವರಿ ೩೦, ೨೧೯೧

ಮದುವೆ ವಿಡಿಯೊ ಎಡಿಟ್ ಮಾಡುವ ಸಂಗನಬಸು ಅಣ್ಣನವರಿಗೆ ನೀಲವ್ವ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಬೇಕು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕೈಯಲ್ಲಿ ಬರೆಯುವ ರೂಢಿ ನಮ್ಮ ಕಾಲದಲ್ಲಿ ಯಾರಿಗೂ ಇಲ್ಲ. ಆದರೆ ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ಕಾಗದವನ್ನು ಮಾತ್ರ ಒಯ್ಯುತ್ತದೆ. ತಾರೀಖು ನೋಡಿ ಗಾಬರಿಯಾಗಬೇಡಿರಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ.

ನಾನು ಊರಿನ ನೆನಪುಕಣಜದಲ್ಲಿ ಕಸ ಹೊಡೆಯುತ್ತೇನೆ. ನಿಮ್ಮ ಕಾಲದ ಹಾರ್ಡ್ ಡಿಸ್ಕುಗಳಲ್ಲಿದ್ದುದನ್ನೆಲ್ಲ ತುಂಬಿಟ್ಟಿರುವ ಜಾಗ ಅದು. ಹೊಸ ಜಾಗ ಮಾಡಲು ಬೇಕಾದ ಲೋಹ ಮುಗಿದುಹೋಗಿದೆ. ಉಳಿದದ್ದರಲ್ಲೇ ಮನೆಗೊಂದು ಪಾಲು. ನಮ್ಮ ಪಾಲಿನಲ್ಲಿ ಹಿಡಿಸುವುದು ನಾಲ್ಕು ನಿಮಿಷದ ವಿಡಿಯೊ. ಅದರಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಹಿಟ್ಟು ಸಾಣಿಸುತ್ತ ಬೆಕ್ಕನ್ನು ಬೈಯುತ್ತಾಳೆ. ಅರ್ಧ ಮುಖ ಚೌಕಟ್ಟಿನ ಹೊರಗಿದೆ. ಇನ್ನೊಮ್ಮೆ ತೆಗೆಯುವಷ್ಟು ಜಾಗ ಇರಲಿಲ್ಲ.

ನಿಮ್ಮ ಫೋಲ್ಡರಿನಲ್ಲಿ ಒಬ್ಬ ಮದುಮಗಳ ಚಿಕ್ಕಮ್ಮ ನಗುತ್ತಾರೆ. “ಮಾರಿ ಮ್ಯಾಲ ಬಿಸಲ ಬಿತ್ರಿ, ಇನ್ನೊಮ್ಮೆ ನಗ್ರಿ” ಎಂದು ನಿಮ್ಮ ದನಿ ಕೇಳುತ್ತದೆ. “ಎಷ್ಟ ನಗಸ್ತಿಯೋ ಮಾರಾಯಾ, ಹಲ್ಲ ಉದರ್ತಾವ” ಎಂದು ಅವರು ಮತ್ತೆ ನಗುತ್ತಾರೆ. ಅವರು ನಕ್ಕ ಅಷ್ಟೂ ಸಲದ ಮೂಲ ವಿಡಿಯೊ ಇದೆ. ಕೆಲಸಕ್ಕೆಂದು ಮಾಡಿಕೊಂಡ ಹಗುರ ಪ್ರತಿ ಇದೆ. ಸಾಫ್ಟ್‌ವೇರ್ ತಾನಾಗಿ ಮಾಡಿಟ್ಟ ಪ್ರಿವ್ಯೂ ಇದೆ, ಕ್ಯಾಶ್ ಎಂಬ ತಾತ್ಕಾಲಿಕ ಪ್ರತಿಯೂ ಇದೆ. ಮದುವೆ ಮುಗಿದು, ವಿಡಿಯೊ ಮನೆಯವರ ಕೈ ಸೇರಿದ ಮೇಲೂ ನೀವು ಒಂದನ್ನೂ ಅಳಿಸಲಿಲ್ಲ. ಕಸ ಹೊಡೆಯುತ್ತ ಅವನ್ನು ತೋರಿಸುವ ಪರದೆಯ ಮುಂದೆ ಬಂದರೆ ನನ್ನ ಹೊಟ್ಟೆ ಉರಿಯುತ್ತದೆ, ಅಣ್ಣಾ. ಆ ಚಿಕ್ಕಮ್ಮ ಒಳ್ಳೆಯವರೇ ಇರಬೇಕು. ಆದರೂ ಎದುರಿಗೆ ಸಿಕ್ಕರೆ ನಾನು ಮಾತಾಡಿಸುವುದಿಲ್ಲ.

ಈಗ ನಮ್ಮ ಅಕ್ಕನ ಕೂಸು ಹೆಜ್ಜೆ ಇಡುವ ಹಾಗಿದೆ. ಆ ಮೊದಲ ಹೆಜ್ಜೆಯ ವಿಡಿಯೊ ಉಳಿಸಿಕೊಳ್ಳಲು ಆಯಿಯನ್ನು ಅಳಿಸೋಣ ಎನ್ನುತ್ತಾಳೆ ಅಕ್ಕ. “ಹೋದಾಕಿಗೆ ಜಾಗಾ ಯಾಕ ಬೇಕ? ಆಕೀನ ಇದ್ದಿದ್ರ ಕೂಸಿಗೆ ಕೊಡ ಅಂತಿದ್ಲು.” ಅದು ಸುಳ್ಳಲ್ಲ. ಅಕ್ಕ ಆಯಿಯ ತೊಡೆಯ ಮೇಲೆ ಬೆಳೆದವಳು. ನಾನು ಹುಟ್ಟುವ ಮೊದಲೇ ಆಯಿ ತೀರಿಕೊಂಡಳು. ನನಗಿರುವ ಆಯಿ ಆ ನಾಲ್ಕು ನಿಮಿಷ ಅಷ್ಟೇ. ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಅಕ್ಕನ ಮೇಲೂ ನನಗೆ ಹೊಟ್ಟೆಕಿಚ್ಚಿದೆ.

ನಿಮ್ಮ ಹೆಚ್ಚಿನ ಪ್ರತಿಗಳನ್ನು ಅಳಿಸಿ ಆ ಜಾಗವನ್ನು ನಮಗೆ ಕೊಡಿರೆಂದು ಕಣಜ ಕಾಯುವ ಮೇಟಿ ಕಾಕಾ ಅವರನ್ನು ಕೇಳಿದೆ. ಮಾಡಿದವರ ಹೊರತು ಬೇರೆ ಯಾರೂ ಅಳಿಸಬಾರದು ಎಂಬುದು ಇಲ್ಲಿನ ಕಟ್ಟಳೆ.

“ಮಾಡಿದಾಂವನ್ನ ಕರಕೊಂಡ ಬಾರವಾ” ಎಂದರು.

“ಸತ್ತ ನೂರ ವರ್ಷ ಆತಲ್ರೀ ಕಾಕಾ” ಎಂದೆ. ಕ್ಷಮಿಸಿರಿ, ನಿಮಗೆ ಇದನ್ನು ಓದಲು ಹೇಗೋ ಆದೀತು.

“ಹಂಗಾರ ಒಂದ ಕಾಗದಾ ಬರದ ನೋಡ” ಎಂದು ನಕ್ಕರು. ನಾನು ನಗಲಿಲ್ಲ. ಬರೆಯುತ್ತಿದ್ದೇನೆ.

ದಯವಿಟ್ಟು ನಿಮ್ಮ ಎಡಿಟಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ತೆರೆಯಿರಿ. ಮುಗಿದ ಮದುವೆಗಳ ಕ್ಯಾಶ್, ಪ್ರಿವ್ಯೂ, ಹಗುರ ಪ್ರತಿ ಇವನ್ನು ಅಳಿಸಿರಿ. ಮೂಲವನ್ನು ಮಾತ್ರ ಮುಟ್ಟಬೇಡಿರಿ. ಚಿಕ್ಕಮ್ಮ ನಗುತ್ತಿರಲಿ, ಅಷ್ಟು ಕೆಟ್ಟ ಬುದ್ಧಿ ನನಗಿಲ್ಲ. ನೀವು ಅಲ್ಲಿ ಅಳಿಸಿದರೆ ಇಲ್ಲಿ ಜಾಗ ತೆರವಾಗುತ್ತದೆ. ಆಯಿಯೂ ಉಳಿಯುತ್ತಾಳೆ, ಕೂಸಿನ ಹೆಜ್ಜೆಯೂ ಉಳಿಯುತ್ತದೆ. ಡಿಸ್ಕ್ ತುಂಬಿ ನಿಮ್ಮ ಕಂಪ್ಯೂಟರ್ ಕೆಲಸದ ನಡುವೆ ನಿಂತುಬಿಡುವುದೂ ತಪ್ಪುತ್ತದೆ. ಆದರೆ ಬೇಗ ಮಾಡಿರಿ.

ಇವತ್ತು ಬೆಳಿಗ್ಗೆ ಅಕ್ಕ ನನ್ನನ್ನು ಅಳಿಸುವವರ ಸಾಲಿಗೆ ಕಳಿಸಿದಳು. ಕಣಜದ ಕಿಟಕಿಯ ಹತ್ತಿರ ನನ್ನ ಪಾಳಿ ಬಂತು. ಹಿಂದೆ ನಿಂತಿದ್ದ ಅಜ್ಜನಿಗೆ “ನೀವ ಮುಂದ ಹೋಗ್ರಿ” ಎಂದು ದಾರಿ ಬಿಟ್ಟು, ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.