ಎಡಗಾಲಿನ ಅಲೆ

ಹೈದರಾಬಾದ್, 12-2-2019

ಅಪ್ಪಾ,

ಆಪರೇಷನ್ ನಡೆಯುವಾಗ ರೋಗಿಯ ನರಗಳ ಅಲೆಗಳನ್ನು ಪರದೆಯ ಮೇಲೆ ಕಾಯುವ ಎಂಎಸ್ಸಿ ಓದುತ್ತಿದ್ದೇನೆಂದು ನೀವು ಗದ್ವಾಲದಲ್ಲೆಲ್ಲ ಹೇಳಿಕೊಳ್ಳುತ್ತೀರಿ. ಇನ್ನು ಸ್ವಲ್ಪ ದಿನ ಹೇಳಬೇಡಿ.

ಹೋದ ಸೋಮವಾರ ಗಟ್ಟು ಊರಿನ ನೇಕಾರ ನರಸಯ್ಯನವರ ಬೆನ್ನುಮೂಳೆಯ ಆಪರೇಷನ್ ಇತ್ತು. ನಡುವೆ ಅವರ ಎಡಗಾಲಿನ ಅಲೆ ಕುಸಿಯಿತು. ಅಲೆ ಹಿಡಿಯಲು ಕಾಲಿಗೆ ಚುಚ್ಚಿದ್ದ ಸೂಜಿ ಸಡಿಲವಾಗಿರಬೇಕೆಂದು ವೈರುಗಳನ್ನು ಒಂದೊಂದಾಗಿ ನೋಡುತ್ತ ಕೂತೆ. ಸುಳ್ಳೇ ಕೂಗಿ ಬೈಸಿಕೊಳ್ಳುವ ಭಯ. ಡಾಕ್ಟರಿಗೆ ಹೇಳುವಷ್ಟರಲ್ಲಿ ಐದು ನಿಮಿಷ ಕಳೆದಿತ್ತು.

"ಎಳಿ ಹರದಂಗ ಅನಿಸಿದ್ರ ಮೊದಲು ಕಾಲು ನಿಲ್ಸು, ಆಮ್ಯಾಲ ಹುಡುಕು" ಎಂದು ಮಗ್ಗದಲ್ಲಿ ನೀವು ಎಷ್ಟು ಸಲ ಹೇಳಿಲ್ಲ!

ಅವರ ಎಡಪಾದ ಮೇಲೇಳುತ್ತಿಲ್ಲ. ನಾನು ತಡಮಾಡಿದ್ದನ್ನು ಡಾಕ್ಟರಿಗೆ ಬರೆದುಕೊಟ್ಟಿದ್ದೇನೆ, ನರಸಯ್ಯನವರಿಗೆ ಹೇಳಲಾಗಲಿಲ್ಲ. ನಿನ್ನೆ ಅವರೇ, "ಶಂಕರಯ್ಯನ ಮಗಳೇನವ್ವಾ? ಮಗ್ಗಕ್ಕ ಯಾವಾಗ ಕುಂದ್ರಾಕ ಬರ್ತೈತಿ?" ಎಂದು ಕೇಳಿದರು. ಡಾಕ್ಟರನ್ನು ಕೇಳಿ ಹೇಳುತ್ತೇನೆಂದು ಹೊರಗೆ ಬಂದೆ.

ಶುಕ್ರವಾರ ಊರಿಗೆ ಬರುತ್ತಾರೆ. ನೀವು ಹೋಗಿ, ಅವರ ಮಗ್ಗದಲ್ಲಿ ತುಳಿಯುವ ಕೋಲೆರಡೂ ಬಲಗಾಲಿಗೇ ಸಿಗುವಂತೆ ಕಟ್ಟಿಕೊಡಿ. ಯಾಕೆಂದು ಕೇಳಿದರೆ ನೀವು ಹೇಳಬೇಡಿ. ಭಾನುವಾರ ನಾನೇ ಬಂದು ಹೇಳುತ್ತೇನೆ.

ನಿಮ್ಮ
ರಜಿನಿ